ಸೊಳ್ಳೆಯ ಹೊಟ್ಟೆಯಲ್ಲಿ ಸತ್ಯ ಕಂಡ ಸರ್ ರೊನಾಲ್ಡ್ ರಾಸ್

ನಮ್ಮ ಶ್ರೀರಾಮನಗರದ ಸರ್ಕಾರಿ ಪ್ರೌಢಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ಅಂಜಿಕೆಯಾಯಿತು. ನಾನು ಸಾಹಿತಿಯಲ್ಲ. ಆರೋಗ್ಯ ಇಲಾಖೆಯಲ್ಲಿ ಹಳ್ಳಿ ಹಳ್ಳಿ ತಿರುಗಿ, ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೇವೆ ಮುಗಿಸಿದವನು. ಜನ ನನ್ನನ್ನು ಮಲೇರಿಯಾ ಮಾಸ್ತರ ಎಂದೇ ಕರೆಯುತ್ತಿದ್ದರು. ಆದ್ದರಿಂದ ನನ್ನ ಕಸುಬಿಗೆ ಮೂಲಪುರುಷರಾದ ಒಬ್ಬ ವಿಜ್ಞಾನಿಯ ಜೀವನವನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಅವರ ಹೆಸರನ್ನು ನಾನು ಮೊದಲು ಕೇಳಿದ್ದು ಇದೇ ಶಾಲೆಯ ವಿಜ್ಞಾನದ ತರಗತಿಯಲ್ಲಿ.

ನಮ್ಮ ಮನೆಯವರು ಕುಷ್ಟಗಿ ಕಡೆಯ ಒಣಬೇಸಾಯದ ಊರಿನವರು. ಮಳೆ ಕೈಕೊಟ್ಟ ವರ್ಷ ಅವ್ವ, ಅಪ್ಪ ಭತ್ತದ ನಾಟಿಗೆಂದು ಈ ಕಡೆ ಬಂದು ಇಲ್ಲೇ ಉಳಿದರು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಆಂಧ್ರದ ಕರಾವಳಿಯ ರೈತರು ಬಂದು ಕ್ಯಾಂಪು ಕಟ್ಟಿದರು. ಜಾಲಿ ಬೆಳೆದಿದ್ದ ನೆಲ ಗದ್ದೆಯಾಯಿತು. ಎಡದಂಡೆ ನಾಲೆಯ ನೀರು ಅನ್ನ ಕೊಟ್ಟಿತು. ಆದರೆ ನೀರು ನಿಂತಲ್ಲಿ ಸೊಳ್ಳೆಯೂ ಇರುತ್ತದೆ. ನಾನು ಹುಡುಗನಾಗಿದ್ದಾಗ ನಾಟಿ ಹಂಗಾಮು ಬಂತೆಂದರೆ ಚಳಿಜ್ವರವೂ ಬರುತ್ತಿತ್ತು. ಅಪ್ಪ ಕೌದಿ ಮೇಲೆ ಕೌದಿ ಹೊದ್ದರೂ ಹಲ್ಲು ಕಟಕಟ ಕಡಿಯುತ್ತ ನಡುಗುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದೆ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು ಎಂದು ಅಂದಾಜು. ಡಿಡಿಟಿ ಸಿಂಪಡಣೆಯಿಂದ ಅದು 1965ರ ಹೊತ್ತಿಗೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ರೋಗ ಹೋಯಿತೆಂದು ಎಲ್ಲರೂ ಮೈಮರೆತಾಗ ಮತ್ತೆ ಏರಿ, 1976ರಲ್ಲಿ 64 ಲಕ್ಷ ದಾಟಿತು.

ಅಂಥ ದಿನಗಳಲ್ಲಿ ನಮ್ಮ ವಿಜ್ಞಾನದ ಗುರುಗಳು ಒಂದು ಗಾಜಿನ ಬಾಟಲಿಯಲ್ಲಿ ಗಟಾರದ ನೀರು ತಂದು, ಅದರಲ್ಲಿ ಕುಣಿಯುವ ಹುಳುಗಳನ್ನು ತೋರಿಸಿ, ಇವೇ ನಾಳೆಯ ಸೊಳ್ಳೆಗಳು ಎಂದು ಹೇಳಿದರು. ಅಲ್ಲಿಯವರೆಗೆ ಜ್ವರ ಬರುವುದು ಕೆಟ್ಟ ಗಾಳಿಯಿಂದ, ಕಾಲುವೆಯ ನೀರು ಕುಡಿದದ್ದರಿಂದ, ಇಲ್ಲವೇ ದೇವರ ಮುನಿಸಿನಿಂದ ಎಂದು ನಂಬಿದ್ದ ನಮಗೆ ಅದು ದೊಡ್ಡ ಮಾತು. ಕೆಟ್ಟ ಗಾಳಿಯ ನಂಬಿಕೆ ನಮ್ಮದಷ್ಟೇ ಅಲ್ಲ. ಮಲೇರಿಯಾ ಎಂಬ ಇಟಲಿಯ ಪದದ ಅರ್ಥವೇ ಕೆಟ್ಟ ಗಾಳಿ. ಆ ನಂಬಿಕೆಯನ್ನು ಸುಳ್ಳು ಮಾಡಿದವರಲ್ಲಿ ಮುಖ್ಯರು ರೊನಾಲ್ಡ್ ರಾಸ್.

ರಾಸ್ ಹುಟ್ಟಿದ್ದು ನಮ್ಮ ದೇಶದಲ್ಲೇ, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ, 1857ರ ಮೇ 13ರಂದು. ತಂದೆ ಬ್ರಿಟಿಷ್ ಭಾರತದ ಸೈನ್ಯದ ಅಧಿಕಾರಿ. ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ಎಂಟನೆಯ ವಯಸ್ಸಿಗೆ ಓದಿಗೆಂದು ಇಂಗ್ಲೆಂಡಿನ ಬಂಧುಗಳ ಮನೆಗೆ ಹೋದರು. ಹುಡುಗನಿಗೆ ಕವಿತೆ, ಸಂಗೀತ, ಗಣಿತ ಇವುಗಳಲ್ಲಿ ಮನಸ್ಸು, ಲೇಖಕನಾಗಬೇಕೆಂಬ ಆಸೆ. ತಂದೆ ಕೇಳಲಿಲ್ಲ. 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿಸಿದರು. ರಾಸ್ ಓದಿನಲ್ಲಿ ಮುಂದಿದ್ದವರೇನಲ್ಲ. ಪುಸ್ತಕ ಬಿಟ್ಟು ಪದ್ಯ ಬರೆಯುತ್ತ ಕುಳಿತವರು. ಹೇಗೋ ಪರೀಕ್ಷೆ ದಾಟಿ, ಕೆಲಕಾಲ ಹಡಗಿನಲ್ಲಿ ವೈದ್ಯರಾಗಿದ್ದು, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿ ಮದ್ರಾಸಿಗೆ ಬಂದರು. ಎಸ್ಸೆಸ್ಸೆಲ್ಸಿಯಲ್ಲಿ ಕಡಿಮೆ ಅಂಕ ಬಂತೆಂದು ಮೂಲೆ ಹಿಡಿದು ಕೂರುವ ಮಕ್ಕಳು ಈ ಮಾತನ್ನು ನೆನಪಿಡಬೇಕು.

ಕರ್ನಾಟಕಕ್ಕೂ ರಾಸ್ ಅವರಿಗೂ ಹಳೆಯ ನಂಟಿದೆ. 1883ರಲ್ಲಿ ಅವರಿಗೆ ಬೆಂಗಳೂರಿನಲ್ಲಿ ದಂಡಿನ ಪ್ರಭಾರ ವೈದ್ಯರ ಹುದ್ದೆ ಸಿಕ್ಕಿತು. ಅವರಿದ್ದ ಬಂಗಲೆಯಲ್ಲಿ ಸೊಳ್ಳೆ ವಿಪರೀತ. ಹುಡುಕಿ ನೋಡಿದರೆ ಕಿಟಕಿಯ ಹತ್ತಿರವೇ ಇದ್ದ ನೀರಿನ ತೊಟ್ಟಿಯಲ್ಲಿ ಮರಿಹುಳುಗಳು ಕುಣಿಯುತ್ತಿದ್ದವು. ನೀರು ಚೆಲ್ಲಿಸಿದರು, ಸೊಳ್ಳೆ ಕಡಿಮೆಯಾಯಿತು. ಹೂಕುಂಡ, ಡಬ್ಬಿಗಳ ನೀರನ್ನೂ ಎಲ್ಲ ಕಡೆ ಚೆಲ್ಲಿಸೋಣ ಎಂದರೆ, ಸೊಳ್ಳೆಯನ್ನು ದೇವರು ಏನೋ ಕಾರಣಕ್ಕೇ ಸೃಷ್ಟಿಸಿರಬೇಕೆಂದು ಮೇಲಿನ ಅಧಿಕಾರಿ ಒಪ್ಪಲಿಲ್ಲವಂತೆ. ಆಗ ರಾಸ್ ಅವರಿಗೂ ಸೊಳ್ಳೆ ಕಾಟವೆಂದಷ್ಟೇ ಗೊತ್ತಿತ್ತು. ರೋಗ ಹರಡುತ್ತದೆಂದು ಗೊತ್ತಿರಲಿಲ್ಲ. ನಾವು ಇಂದಿಗೂ ವಾರಕ್ಕೊಮ್ಮೆ ಡ್ರಮ್ಮು, ಹರಿವೆಗಳನ್ನು ಬರಿದು ಮಾಡಿ ಉಜ್ಜಿ ಒಣಗಿಸಿರಿ ಎಂದು ಮನೆ ಮನೆಗೆ ಹೇಳುತ್ತೇವಲ್ಲ, ಆ ಪಾಠವನ್ನು ರಾಸ್ ಕಲಿತದ್ದು ಬೆಂಗಳೂರಿನ ಆ ತೊಟ್ಟಿಯಿಂದ.

ಮಲೇರಿಯಾ ರೋಗಿಯ ರಕ್ತದಲ್ಲಿ ಒಂದು ಪರಾವಲಂಬಿ ಜೀವಿ ಇರುತ್ತದೆಂದು ಫ್ರಾನ್ಸಿನ ವೈದ್ಯ ಲಾವೆರಾನ್ 1880ರಲ್ಲೇ ಕಂಡಿದ್ದರು. ಅದು ಒಬ್ಬರಿಂದ ಮತ್ತೊಬ್ಬರಿಗೆ ಹೇಗೆ ದಾಟುತ್ತದೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋಗಿದ್ದ ರಾಸ್ ಅವರಿಗೆ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಆ ಜೀವಿಯನ್ನು ತೋರಿಸಿ, ಇದರಲ್ಲಿ ಸೊಳ್ಳೆಯ ಪಾತ್ರವಿದ್ದೀತು ಎಂಬ ತಮ್ಮ ಊಹೆಯನ್ನು ಹೇಳಿದರು. ಆ ಊಹೆಯನ್ನು ಸಾಧಿಸಿ ತೋರಿಸುವ ಹಟದಿಂದ 1895ರಲ್ಲಿ ರಾಸ್ ಸಿಕಂದರಾಬಾದಿಗೆ ಬಂದರು. ನಮ್ಮ ಗಂಗಾವತಿ, ಕೊಪ್ಪಳದ ಸೀಮೆಯೂ ಆಗ ಹೈದರಾಬಾದ್ ನಿಜಾಮರ ರಾಜ್ಯಕ್ಕೇ ಸೇರಿತ್ತು. ಆ ಲೆಕ್ಕದಲ್ಲಿ ಜಗತ್ತಿನ ಈ ದೊಡ್ಡ ಶೋಧ ನಡೆದದ್ದು ನಮ್ಮ ಹಳೆಯ ರಾಜಧಾನಿಯ ಮಗ್ಗುಲಿನಲ್ಲಿ.

ದಾರಿ ಸುಲಭವಿರಲಿಲ್ಲ. ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರು ಕುಡಿದವರಿಗೆ ಜ್ವರ ಬರುತ್ತದೆ ಎಂಬುದು ಮ್ಯಾನ್ಸನ್ನರ ಎಣಿಕೆ. ರಾಸ್ ಅಂಥ ನೀರನ್ನು ಕೆಲವರಿಗೆ ಕುಡಿಸಿಯೂ ನೋಡಿದರು. ಇಂದಿನ ಕಾಲದಲ್ಲಿ ಅಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ, ಕೊಡಲೂಬಾರದು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಕಾಲರಾ ಎದ್ದು, 1895ರ ಸೆಪ್ಟೆಂಬರಿನಲ್ಲಿ ಅವರನ್ನು ಅಲ್ಲಿಗೆ ಕಳಿಸಿದರು. ಬಾವಿ, ಚರಂಡಿ, ಕಸ ಎಂದು ನಗರದ ನೈರ್ಮಲ್ಯದ ಕೆಲಸದಲ್ಲಿ ಒಂದೂವರೆ ವರ್ಷದಷ್ಟು ಕಾಲ ಹೋಯಿತು. ನಡುವೆ ಊಟಿಯ ಕೆಳಗಿನ ಸಿಗೂರು ಘಾಟಿಯಲ್ಲಿ ಮಲೇರಿಯಾ ಹುಡುಕಲು ಹೋಗಿ ತಾವೇ ಜ್ವರ ಹಿಡಿಸಿಕೊಂಡರು.

1897ರ ಬೇಸಿಗೆ ಕಳೆದು ಸಿಕಂದರಾಬಾದಿಗೆ ಮರಳಿದ ಮೇಲೆ ಮತ್ತೆ ಅದೇ ಕೆಲಸ. ಬೇಗಂಪೇಟೆಯ ಆಸ್ಪತ್ರೆಯ ಸಣ್ಣ ಕೋಣೆ. ಮುಂಗಾರು ಸರಿಯಾಗಿ ಬಾರದೆ ಸೆಕೆಯೋ ಸೆಕೆ. ಪಂಖಾ ಬೀಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತದೆಂದು ಗಾಳಿಯೂ ಇಲ್ಲ. ಹಣೆಯ, ಕೈಯ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಉಳಿದಿದ್ದ ಒಂದೇ ಕಣ್ಣುಗಾಜು ಬಿರುಕು ಬಿಟ್ಟಿತ್ತು. ಎರಡು ವರ್ಷದಿಂದ ಅವರು ಕೊಯ್ಯುತ್ತ ಬಂದದ್ದು ಬೂದು ಬಣ್ಣದ, ಪಟ್ಟೆಪಟ್ಟೆಯ ಸೊಳ್ಳೆಗಳನ್ನು. ಅವು ಮನುಷ್ಯರ ಮಲೇರಿಯಾ ಹರಡುವ ಜಾತಿಯೇ ಅಲ್ಲ. ಪ್ರತಿ ಸಲವೂ ಏನೂ ಸಿಗಲಿಲ್ಲ ಎಂದೇ ದಿನಚರಿಯಲ್ಲಿ ಬರೆಯಬೇಕಾಗಿತ್ತು. ಅವರು ಹಾಗೇ ಬರೆದರು.

ಆಗಸ್ಟ್ ತಿಂಗಳಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಬೇರೆ ಜಾತಿಯ ಸೊಳ್ಳೆಗಳು ಸಿಕ್ಕವು. ಅವನ್ನೇ ನಾವು ಈಗ ಅನಾಫಿಲಿಸ್ ಎನ್ನುತ್ತೇವೆ. ಮರಿಹುಳುವಿನಿಂದಲೇ ಬೆಳೆಸಿದ ಆ ಸೊಳ್ಳೆಗಳನ್ನು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಗೆ ಕಚ್ಚಿಸಿದರು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದು ಆಣೆ ಕೂಲಿ. ನಂತರ ದಿನಕ್ಕೆ ಕೆಲವನ್ನು ಕೊಯ್ದು ನೋಡುತ್ತ ಬಂದರು. ಆಗಸ್ಟ್ 20ರಂದು ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ, ಹಿಂದೆಂದೂ ಕಾಣದ ದುಂಡನೆಯ ಕೋಶಗಳು ಕಂಡವು. ಅವುಗಳ ಒಳಗೆ ಮಲೇರಿಯಾ ಜೀವಿಗೇ ವಿಶಿಷ್ಟವಾದ ಕಪ್ಪು ಕಣಗಳಿದ್ದವು. ಮರುದಿನ ಇನ್ನೊಂದು ಸೊಳ್ಳೆಯಲ್ಲಿ ಅವೇ ಕೋಶಗಳು ಮತ್ತಷ್ಟು ದೊಡ್ಡದಾಗಿದ್ದವು. ಅಂದರೆ ರೋಗದ ಜೀವಿ ಸೊಳ್ಳೆಯೊಳಗೆ ಬೆಳೆಯುತ್ತಿದೆ ಎಂಬುದು ಖಚಿತವಾಯಿತು. ಆಗಸ್ಟ್ 20 ಈಗ ಜಗತ್ತಿನಾದ್ಯಂತ ಸೊಳ್ಳೆ ದಿನ.

ಸಂತೋಷಪಡಲು ಪುರುಸೊತ್ತು ಸಿಗಲಿಲ್ಲ. ಮುಂದಿನ ತಿಂಗಳೇ ವರ್ಗಾವಣೆ. ಮಲೇರಿಯಾ ಅಪರೂಪವಾಗಿದ್ದ ರಾಜಪುತಾನಾದ ಖೇರ್ವಾರಾಕ್ಕೆ ಹೋಗಬೇಕಾಯಿತು. ಸರ್ಕಾರಿ ನೌಕರಿ ಮಾಡಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಮ್ಯಾನ್ಸನ್ನರ ಪ್ರಯತ್ನದಿಂದ 1898ರ ಫೆಬ್ರವರಿಯಲ್ಲಿ ಕಲ್ಕತ್ತೆಗೆ ಬಂದರು. ಅಲ್ಲಿ ಹಕ್ಕಿಗಳಿಗೆ ಬರುವ ಮಲೇರಿಯಾವನ್ನು ಹಿಡಿದು ಅಭ್ಯಾಸ ಮಾಡಿದರು. ಮೊಹಮ್ಮದ್ ಬಕ್ಷ್ ಎಂಬ ಸಹಾಯಕ ಜೊತೆಗಿದ್ದು ದುಡಿದ. ಆ ಜುಲೈಯಲ್ಲಿ, ಹೊಟ್ಟೆಯ ಗೋಡೆಯಲ್ಲಿ ಬಲಿತ ಜೀವಿಗಳು ಒಡೆದು ಹೊರಬಂದು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಸೇರುವುದನ್ನು ರಾಸ್ ಕಂಡರು. ಆ ಸೊಳ್ಳೆ ಕಚ್ಚಿದ ಆರೋಗ್ಯವಂತ ಹಕ್ಕಿಗಳಿಗೆ ರೋಗ ಬಂತು. ಸರಪಳಿಯ ಎಲ್ಲ ಕೊಂಡಿಗಳೂ ಕೂಡಿದವು. ಅದೇ ವರ್ಷ ಇಟಲಿಯಲ್ಲಿ ಗ್ರಾಸಿ ಮತ್ತು ಅವರ ಸಂಗಡಿಗರು ಮನುಷ್ಯರಲ್ಲೂ ಹೀಗೇ ಆಗುತ್ತದೆ, ಅನಾಫಿಲಿಸ್ ಸೊಳ್ಳೆಯಿಂದಲೇ ಆಗುತ್ತದೆ ಎಂದು ತೋರಿಸಿದರು.

1899ರಲ್ಲಿ ರಾಸ್ ಭಾರತದ ಸೇವೆ ಬಿಟ್ಟು ಲಿವರ್‌ಪೂಲಿನ ಉಷ್ಣವಲಯ ವೈದ್ಯ ಶಾಲೆಯಲ್ಲಿ ಅಧ್ಯಾಪಕರಾದರು. ಪಶ್ಚಿಮ ಆಫ್ರಿಕಾ, ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾ, ಮಾರಿಷಸ್ ಎಂದು ತಿರುಗಿ ಸೊಳ್ಳೆ ನಿಯಂತ್ರಣದ ಕೆಲಸ ಮಾಡಿದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. 1911ರಲ್ಲಿ ಸರ್ ಪದವಿ. ಆದರೆ ಮನುಷ್ಯ ದೋಷವಿಲ್ಲದವರಲ್ಲ. ಕೀರ್ತಿ ತಮ್ಮೊಬ್ಬರದೇ ಎಂದು ಗ್ರಾಸಿಯವರೊಡನೆ ವರ್ಷಗಟ್ಟಲೆ ಜಗಳವಾಡಿದರು. ದಾರಿ ತೋರಿದ ಮ್ಯಾನ್ಸನ್ನರೊಡನೆಯೂ ಕೊನೆಗೆ ಮನಸ್ಸು ಮುರಿದುಕೊಂಡರು. ಹುಸೇನ್ ಖಾನ್, ಮೊಹಮ್ಮದ್ ಬಕ್ಷ್ ಇಂಥವರ ಹೆಸರು ಪಾರಿತೋಷಕದ ಪಕ್ಕದಲ್ಲಿ ಎಲ್ಲಿಯೂ ಬರಲಿಲ್ಲ. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ, ತಮ್ಮ ಹೆಸರಿನಲ್ಲೇ ಸ್ಥಾಪನೆಯಾಗಿದ್ದ ಸಂಸ್ಥೆಯಲ್ಲಿ ರಾಸ್ ತೀರಿಕೊಂಡರು. ಬೇಗಂಪೇಟೆಯ ಆ ಹಳೆಯ ಕಟ್ಟಡ ಇಂದಿಗೂ ಅವರ ಹೆಸರಿನಲ್ಲಿ ನಿಂತಿದೆ.

ಅವರ ಇನ್ನೊಂದು ಕೆಲಸ ಬಹಳ ಜನರಿಗೆ ತಿಳಿಯದು. ಹುಡುಗನಾಗಿದ್ದಾಗ ಪ್ರೀತಿಸಿದ ಗಣಿತವನ್ನು ಅವರು ರೋಗದ ಲೆಕ್ಕಕ್ಕೆ ಬಳಸಿದರು. ಒಂದು ಊರಿನಲ್ಲಿ ಎಷ್ಟು ಜನ, ಎಷ್ಟು ರೋಗಿಗಳು, ಎಷ್ಟು ಸೊಳ್ಳೆ ಎಂದು ಸಮೀಕರಣ ಹಾಕಿ, ಪ್ರತಿಯೊಂದು ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ, ಒಂದು ಮಿತಿಗಿಂತ ಕೆಳಗೆ ಇಳಿಸಿದರೆ ರೋಗ ತಾನೇ ನಂದುತ್ತದೆ ಎಂದು ತೋರಿಸಿದರು. ಒಬ್ಬ ರೋಗಿಯಿಂದ ಸರಾಸರಿ ಒಬ್ಬರಿಗಿಂತ ಕಡಿಮೆ ಜನರಿಗೆ ಹರಡಿದರೆ ರೋಗ ಸಾಯುತ್ತದೆ ಎಂಬ ಇಂದಿನ ಲೆಕ್ಕಕ್ಕೆ ಅದೇ ಬುನಾದಿ. ಮುಂದೆ ವಿಜ್ಞಾನಿಗಳು ಎಚ್‌ಐವಿ ಹರಡುವಿಕೆಯನ್ನು ಅಳೆಯಲು ಹಿಡಿದದ್ದೂ ಇದೇ ದಾರಿಯನ್ನು.

ಎಚ್‌ಐವಿಯ ಮಾತು ಬಂದದ್ದರಿಂದ ನನ್ನ ಅನುಭವದ ಒಂದು ಸಂಗತಿ ಹೇಳಬೇಕು. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆಯಾದದ್ದು 1986ರಲ್ಲಿ ಚೆನ್ನೈಯಲ್ಲಿ, ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಪರೀಕ್ಷೆಯಿಂದ. ಮುಂದೆ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ರೋಗ ಹೆಚ್ಚಿತು. ನಮ್ಮ ಜಿಲ್ಲೆಯೂ ಅದಕ್ಕೆ ಹೊರತಾಗಲಿಲ್ಲ. ಆ ವರ್ಷಗಳಲ್ಲಿ ನಾನು ರಕ್ತ ತೆಗೆಯಲು ಹೋದರೆ ಜನ ಬೆರಳು ಕೊಡಲು ಹಿಂಜರಿಯುತ್ತಿದ್ದರು. ಸೂಜಿ ಹೊಸದೇ ಎಂದು ಕೇಳುತ್ತಿದ್ದರು. ಅದು ಸರಿಯಾದ ಪ್ರಶ್ನೆ. ಪೊಟ್ಟಣ ಅವರೆದುರಿಗೇ ಒಡೆದು ತೋರಿಸುತ್ತಿದ್ದೆ. ಆದರೆ ಒಂದು ಓಣಿಯಲ್ಲಿ ಆ ರೋಗವಿದ್ದ ಮನೆಯವರನ್ನು, ಅವರಿಗೆ ಕಚ್ಚಿದ ಸೊಳ್ಳೆ ನಮಗೂ ಕಚ್ಚುತ್ತದೆ ಎಂದು ಹೆದರಿ, ಊರಾಚೆ ಹೋಗಲು ಒತ್ತಾಯಿಸುತ್ತಿದ್ದರು.

ಅಂದು ನನ್ನ ನೆರವಿಗೆ ಬಂದವರು ರಾಸ್. ಓಣಿಯ ಕಟ್ಟೆಯ ಮೇಲೆ ಕುಳಿತು ಜನರಿಗೆ ಬಿಡಿಸಿ ಹೇಳಿದೆ. ಸೊಳ್ಳೆ ಸೂಜಿಯಲ್ಲ. ಅದು ಒಬ್ಬರ ರಕ್ತ ಹೀರಿ ಇನ್ನೊಬ್ಬರಿಗೆ ತುಂಬುವುದಿಲ್ಲ. ಕಚ್ಚುವಾಗ ಒಳಗೆ ಬಿಡುವುದು ತನ್ನ ಜೊಲ್ಲನ್ನು ಮಾತ್ರ. ಮಲೇರಿಯಾ ಜೀವಿಗೆ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು, ಹತ್ತು ಹನ್ನೆರಡು ದಿನಕ್ಕೆ ಜೊಲ್ಲಿಗೆ ಸೇರುವ ಶಕ್ತಿ ಇದೆ. ಎಚ್‌ಐವಿಗೆ ಆ ಶಕ್ತಿ ಇಲ್ಲ. ಹೀರಿದ ರಕ್ತದೊಡನೆ ಅದು ಸೊಳ್ಳೆಯ ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಅದು ಹರಡುವುದು ಅಸುರಕ್ಷಿತ ಸಂಬಂಧದಿಂದ, ಸೋಂಕಿನ ರಕ್ತದಿಂದ, ಸೂಜಿಯಿಂದ, ತಾಯಿಯಿಂದ ಮಗುವಿಗೆ. ನೂರು ವರ್ಷದ ಹಿಂದೆ ಒಬ್ಬರು ಬೆವರು ಸುರಿಸಿ ಕಂಡ ಸತ್ಯ ನಮ್ಮ ಓಣಿಯ ಒಂದು ಮನೆಯನ್ನು ಊರಲ್ಲಿ ಉಳಿಸಿತು. 2004ರಿಂದ ಸರ್ಕಾರ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ತಪ್ಪದೆ ನುಂಗುವವರು ಎಲ್ಲರಂತೆ ದುಡಿದು ಬಾಳುತ್ತಾರೆ. ಆ ಮನೆಯ ಮಗಳು ಇದೇ ಶಾಲೆಯಲ್ಲಿ ಓದಿ ಹೋದಳು.

ಇನ್ನು ಇಷ್ಟು ವರ್ಷ ಯಾರಿಗೂ ಹೇಳದ ಒಂದು ಮಾತು. ನೌಕರಿಗೆ ಸೇರಿದ ಹೊಸತು. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಹೋಗಿ, ಜ್ವರ ಇದ್ದವರ ರಕ್ತ ತೆಗೆದು, ನಾಲ್ಕು ಕ್ಲೋರೊಕ್ವಿನ್ ಮಾತ್ರೆ ಕೊಟ್ಟು, ಗೋಡೆಯ ಮೇಲೆ ತಾರೀಖು ಬರೆಯಬೇಕು. ತಿಂಗಳಿಗೆ ಇಷ್ಟು ಪಟ್ಟಿ ಆಗಲೇಬೇಕೆಂಬ ಗುರಿ ಬೇರೆ. ತಿಂಗಳ ಕೊನೆಯ ಒಂದು ದಿನ ಒಂದು ಮನೆಯಲ್ಲಿ ಮುದುಕಿ, ಮೊಮ್ಮಗ ಇಬ್ಬರೇ ಇದ್ದರು. ಸೊಸೆಗೆ ಜ್ವರವಿದೆ, ಬಸುರಿ ಬೇರೆ, ಆದರೂ ಕಳೆ ತೆಗೆಯಲು ಹೋಗಿದ್ದಾಳೆ, ಸಂಜೆ ಬಾ ಎಂದು ಮುದುಕಿ ಹೇಳಿದಳು. ಸಂಜೆ ಮತ್ತೆ ಅಷ್ಟು ದೂರ ಸೈಕಲ್ ತುಳಿಯುವ ಬೇಸರಕ್ಕೆ, ಹುಡುಗನ ಬೆರಳಿನಿಂದಲೇ ಎರಡು ಪಟ್ಟಿ ಮಾಡಿ, ಒಂದರ ಮೇಲೆ ಸೊಸೆಯ ಹೆಸರು ಬರೆದೆ. ಆಕೆಗೆ ಕೊಡಬೇಕಿದ್ದ ಮಾತ್ರೆ ನನ್ನ ಚೀಲದಲ್ಲೇ ಉಳಿದವು. ಪಟ್ಟಿಯಲ್ಲಿ ಮಲೇರಿಯಾ ಇಲ್ಲವೆಂದು ಫಲಿತಾಂಶ ಬಂತು. ಇರುವುದಾದರೂ ಹೇಗೆ, ಅದು ಆಕೆಯ ರಕ್ತವೇ ಅಲ್ಲ. ಮನೆಯವರು ಆ ಫಲಿತಾಂಶ ನಂಬಿ ಸುಮ್ಮನಾದರು. ಜ್ವರ ತಲೆಗೇರಿತು. ಆ ತಾಯಿ ಬದುಕಿದಳು. ಆರು ತಿಂಗಳ ಬಸಿರು ಉಳಿಯಲಿಲ್ಲ.

ನಾನು ಆ ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಹೇಳಲು ಬಾಯಿ ಬರಲಿಲ್ಲ. ಆಕೆ ನನಗೆ ನೀರು ಕೊಟ್ಟಳು. ಆ ದಿನದಿಂದ ನಿವೃತ್ತಿಯವರೆಗೆ ತೆಗೆಯದ ರಕ್ತದ ಪಟ್ಟಿಗೆ ನಾನು ಹೆಸರು ಬರೆಯಲಿಲ್ಲ. ಗುರಿ ಮುಟ್ಟದ ತಿಂಗಳು ಬೈಗುಳ ತಿಂದೆ. ಸಂಜೆ ಎರಡನೆಯ ಸಲ ಸೈಕಲ್ ತುಳಿದೆ. ಆ ತಾಯಿ ಈಗ ಇಲ್ಲ. ಕ್ಷಮೆ ಕೇಳುವ ಹೊತ್ತು ಮೀರಿತು. ಊರವರ ಕೈಗೆ ಹೋಗುವ ಈ ಪುಸ್ತಕದಲ್ಲಾದರೂ ಬರೆದಿಡೋಣವೆಂದು ಬರೆದಿದ್ದೇನೆ.

ರಾಸ್ ಅವರ ಜೀವನದಲ್ಲಿ ನನಗೆ ದೊಡ್ಡದಾಗಿ ಕಾಣುವುದು ನೊಬೆಲ್ ಪಾರಿತೋಷಕವಲ್ಲ. ಎರಡು ವರ್ಷ ಏನೂ ಸಿಗದಿದ್ದಾಗ, ಏನೂ ಸಿಗಲಿಲ್ಲ ಎಂದೇ ಬರೆದರಲ್ಲ, ಅದು. ಅವರು ಅಂದು ಒಂದು ಸುಳ್ಳು ಸಾಲು ಬರೆದಿದ್ದರೆ ಕೇಳುವವರು ಯಾರೂ ಇರಲಿಲ್ಲ. ನನ್ನ ಸುಳ್ಳನ್ನೂ ಯಾರೂ ಕೇಳಲಿಲ್ಲ. ಬೆಲೆ ಕೊಟ್ಟವಳು ಬೇರೆ.

ಈಗ ನಮ್ಮ ಭಾಗದಲ್ಲಿ ಮಲೇರಿಯಾ ಬಹಳ ಕಡಿಮೆಯಾಗಿದೆ. ಕಡಿಮೆಯಾದಾಗಲೇ ಮರೆವು ಬರುತ್ತದೆ; 1976ರ ಪಾಠ ಅದೇ. ನನ್ನ ಶಾಲೆಯ ಮಕ್ಕಳಲ್ಲಿ ಒಂದು ಕೋರಿಕೆ. ಪ್ರತಿ ವರ್ಷ ಆಗಸ್ಟ್ 20ರಂದು ಗುರುಗಳ ಜೊತೆ ಊರು ಸುತ್ತಿ, ನಿಂತ ನೀರಿನಿಂದ ಒಂದು ಬಾಟಲಿ ತುಂಬಿ ತಂದು, ಹುಳು ಇದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಿ ಪಟ್ಟಿಯಲ್ಲಿ ಬರೆಯಿರಿ. ಇದ್ದರೆ ಇದೆ ಎಂದು, ಇಲ್ಲದಿದ್ದರೆ ಇಲ್ಲ ಎಂದು ಬರೆಯಿರಿ. ಶಾಲೆಯ ಪ್ರಯೋಗಾಲಯಕ್ಕೆ ಒಂದು ಸೂಕ್ಷ್ಮದರ್ಶಕವನ್ನು ನನ್ನ ನಿವೃತ್ತಿ ವೇತನದಿಂದ ಕೊಡಿಸುತ್ತಿದ್ದೇನೆ. ಅದರ ಮೇಲೆ ನನ್ನ ಹೆಸರು ಬೇಡವೆಂದು ಮುಖ್ಯೋಪಾಧ್ಯಾಯರಿಗೆ ತಿಳಿಸಿದ್ದೇನೆ. ಬಾಟಲಿಯಲ್ಲಿ ಹುಳು ತೋರಿಸಿ ನನ್ನ ಕಣ್ಣು ತೆರೆಸಿದ ಆ ಗುರುಗಳಿಗೂ, ನನಗೆ ಅಕ್ಷರ ಕೊಟ್ಟ ಈ ಶಾಲೆಗೂ ನನ್ನ ನಮಸ್ಕಾರಗಳು.

— ಹಳೆಯ ವಿದ್ಯಾರ್ಥಿ, ನಿವೃತ್ತ ಹಿರಿಯ ಆರೋಗ್ಯ ಸಹಾಯಕ